ತಿಂಗಳ ಸಾಮಾನಿನ ಚೀಟಿ

ನಿಮ್ಮ ಮನೆಯ ಹುಡುಗ ಕಾಲೇಜು ಓದಲೆಂದು ಮೊದಲ ಸಲ ಪರಸ್ಥಳಕ್ಕೆ ಹೊರಟು ನಿಂತಾಗ ಏನೇನು ಕಟ್ಟಿಕೊಡುವಿರಿ? ಹಾಸಿಗೆ, ಹೊದಿಕೆ, ಚಟ್ನಿಪುಡಿ, ಒಂದು ಡಬ್ಬಿ ಚಕ್ಕಲಿ. ಆದರೆ ಅಂಗಡಿಯಿಂದ ಸಾಮಾನು ತರುವ ವಿದ್ಯೆಯನ್ನು ಕಟ್ಟಿಕೊಡುವವರು ಕಡಮೆ. ಆ ವಿದ್ಯೆ ಇಲ್ಲದೆ ನಾನು ಪಟ್ಟ ಪಾಡನ್ನು ಈ ದಿನ ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಊರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಓದಲು ದಾವಣಗೆರೆಗೆ ಹೋಗಿ, ಒಂದು ಕೋಣೆ ಹಿಡಿದು, ಸ್ವಂತ ಅಡಿಗೆ ಆರಂಭಿಸಿದೆ. ಮನೆಯಲ್ಲಿ ಬೇಳೆ ಡಬ್ಬಿಯಿಂದ ಬರುತ್ತಿತ್ತು. ಡಬ್ಬಿಗೆ ಎಲ್ಲಿಂದ ಬರುತ್ತಿತ್ತೆಂದು ನಾನು ಎಂದೂ ಕೇಳಿದವನಲ್ಲ. ಮೊದಲ ದಿನ ಕಿರಾಣಿ ಅಂಗಡಿಯಲ್ಲಿ ನಿಂತು, ಊರಿನ ಹೆಸರಿನ ಅಭಿಮಾನವೋ ಏನೋ, ಅರ್ಧ ಕಿಲೋ ಸಾಸಿವೆ ಕೇಳಿದೆ! ಅಂಗಡಿಯವರು ನನ್ನ ಮುಖವನ್ನೊಮ್ಮೆ ನೋಡಿ ಕಟ್ಟಿಕೊಟ್ಟರು. ಅಕ್ಕಿ ಕೊಂಡದ್ದು 4 ಕಿಲೋ. ಉಳಿದ ಹಣ ಬಿಸ್ಕತ್ತು, ಜಾಮುಗಳಿಗೆ ಹೋಯಿತು. ಹದಿನಾರನೆಯ ದಿನಕ್ಕೆ ಅಕ್ಕಿಯೂ ಇಲ್ಲ, ಹಣವೂ ಇಲ್ಲ. ಸಾಸಿವೆ ಮಾತ್ರ ಸಮೃದ್ಧಿ.

ದಾವಣಗೆರೆಯ ಮಂಡಕ್ಕಿ ಪ್ರಸಿದ್ಧವಷ್ಟೆ. ಮುಂದಿನ ಒಂದು ವಾರ ಅದೇ ನನ್ನ ಊಟ. ಮಂಡಕ್ಕಿ ಹೊಟ್ಟೆಯನ್ನು ತುಂಬಿದಂತೆ ಮಾಡುತ್ತದೆ, ತುಂಬುವುದಿಲ್ಲ. ಫೋನಿನಲ್ಲಿ ತಾಯಿ “ಊಟ ಆಯಿತೇನಪ್ಪ?” ಎಂದರೆ “ಆಯಿತು” ಎನ್ನುತ್ತಿದ್ದೆ. ಒಂದು ಬೆಳಗ್ಗೆ ತರಗತಿಯಲ್ಲಿ ತಲೆ ಸುತ್ತಿ ಬಿದ್ದಾಗ ಸುಳ್ಳು ಬಯಲಾಯಿತು.

ತಾಯಿ ಬಂದರು, ಬೈಯಲಿಲ್ಲ. “ದಿನಕ್ಕೆ ಎಷ್ಟು ಅಕ್ಕಿ ಬೇಯಿಸುತ್ತೀ?” ಎಂದು ಕೇಳಿದರು. ನನಗೆ ತಿಳಿಯದು. “ಅದು ತಿಳಿಯದವನಿಗೆ ತಿಂಗಳ ಲೆಕ್ಕ ಹೇಗೆ ತಿಳಿದೀತು?” ಎಂದರು. ನಮ್ಮ ದೇಶದಲ್ಲಿ ಮೆಟ್ರಿಕ್ ತೂಕಗಳು 1958ರಲ್ಲೇ ಬಳಕೆಗೆ ಬಂದರೂ ತಾಯಿಯ ಲೆಕ್ಕವೆಲ್ಲ ಪಾವಿನದು. ಅಳೆದು, ತೂಗಿ ನೋಡಿದೆವು. ನನಗೆ ದಿನಕ್ಕೆ ಅಕ್ಕಿ 250 ಗ್ರಾಂ, ಬೇಳೆ 50 ಗ್ರಾಂ. ಅಂದರೆ 30 ದಿನಕ್ಕೆ ಅಕ್ಕಿ ಏಳೂವರೆ ಕಿಲೋ, ಬೇಳೆ ಒಂದೂವರೆ ಕಿಲೋ. ಸಾಸಿವೆ 50 ಗ್ರಾಂ ಸಾಕು! ಲೆಕ್ಕವನ್ನು ಜೇಬಿನಿಂದ ಆರಂಭಿಸಬಾರದು, ಹೊಟ್ಟೆಯಿಂದ ಆರಂಭಿಸಬೇಕು. ಮೊದಲು ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಮಿಕ್ಕರೆ ಬಿಸ್ಕತ್ತು.

ಅಗ್ಗವಾದುದೆಲ್ಲ ಉಳಿತಾಯವಲ್ಲ ಎಂಬುದು ಎರಡನೆಯ ಪಾಠ. ಹೊಸ ಅಕ್ಕಿಗಿಂತ ಹಳೆಯ ಅಕ್ಕಿಗೆ ಬೆಲೆ ಹೆಚ್ಚು; ಆದರೆ ಅನ್ನ ಒದಗುತ್ತದೆ. ಹಾಗೆಂದು ಬೇಳೆಗೆ ಕತ್ತರಿ ಹಾಕಬೇಡಿ. ಅಕ್ಕಿಯ ಸಸಾರಜನಕದಲ್ಲಿರುವ ಕೊರತೆಯನ್ನು ಬೇಳೆ ತುಂಬುತ್ತದೆ, ಬೇಳೆಯ ಕೊರತೆಯನ್ನು ಅಕ್ಕಿ ತುಂಬುತ್ತದೆ. ತೊಗರಿ ತುಟ್ಟಿಯಾದ ತಿಂಗಳು ಹುರುಳಿಯ ಸಾರು ಮಾಡಬಹುದಲ್ಲವೆ? ತರಕಾರಿಯನ್ನು ಸಂತೆ ಮುಗಿಯುವ ಹೊತ್ತಿಗೆ ಕೊಳ್ಳಿರಿ. ಮಾರುವವರಿಗೆ ಗಂಟು ಹೊತ್ತು ಮರಳುವ ಕಷ್ಟ ತಪ್ಪುತ್ತದೆ, ನಿಮಗೆ ಬೆಲೆ ಇಳಿಯುತ್ತದೆ. ಆದರೆ ನಾಳೆಗೆ ಬಾಡುವುದನ್ನು ವಾರಕ್ಕಾಗುವಷ್ಟು ತುಂಬಿಕೊಳ್ಳಬೇಡಿ.

ಪೊಟ್ಟಣ ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ತೂಕವನ್ನೂ ನೋಡಿರಿ. ಬೆಲೆ ಏರಿಸದೆ ಒಳಗಿನ ಮಾಲನ್ನು ಇಳಿಸುವುದುಂಟು. ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. ಕಡಮೆಗೆ ಕೊಡಲು ಅಡ್ಡಿಯಿಲ್ಲ, ಆದ್ದರಿಂದ ಕೇಳಲು ನಾಚಬೇಕಾಗಿಲ್ಲ. ತಕ್ಕಡಿ ಬರಿದಾಗಿರುವಾಗ ಸೊನ್ನೆಯನ್ನು ತೋರಿಸುವುದೇ ಎಂದು ಕಣ್ಣಿಡಿ. ಉದ್ರಿ ಪುಸ್ತಕದಲ್ಲಿ ಹೆಸರು ಬರೆಸುವ ಮುನ್ನ ಎರಡು ಸಲ ಯೋಚಿಸಿರಿ. ಉದ್ರಿಯಲ್ಲಿ ಕೈ ತಾನಾಗಿಯೇ ಉದ್ದವಾಗುತ್ತದೆ.

ಇವೆಲ್ಲ ದೊಡ್ಡ ರಹಸ್ಯಗಳೇನೂ ಅಲ್ಲ. ನಿಮ್ಮ ಮನೆಯ ಅಡಿಗೆಮನೆಯಲ್ಲಿ ದಿನವೂ ನಡೆಯುವ ಲೆಕ್ಕವೇ. ಆದರೆ ಮಕ್ಕಳಿಗೆ ಅದು ಕಾಣುವುದಿಲ್ಲ, ನಾವು ತೋರಿಸುವುದಿಲ್ಲ. ಮುಂದಿನ ತಿಂಗಳ ಸಾಮಾನಿನ ಚೀಟಿಯನ್ನು ಮಗನೋ ಮಗಳೋ ಬರೆಯಲಿ. ಹಣ ಕೊಟ್ಟು ಅವರನ್ನೇ ಕಳಿಸಿರಿ. ತಪ್ಪಿದರೆ ಮನೆಯಲ್ಲಿ ತಪ್ಪಲಿ. ಇಲ್ಲಿ ತಪ್ಪಿದರೆ ಒಂದು ನಗೆ, ಅಲ್ಲಿ ತಪ್ಪಿದರೆ ಒಪ್ಪೊತ್ತು.

ಮತ್ತೊಂದು ಮಾತು. ದೂರದಲ್ಲಿರುವ ಮಗುವಿಗೆ “ಊಟ ಆಯಿತೆ?” ಎಂದು ಕೇಳಬೇಡಿ, “ಏನು ಅಡಿಗೆ ಮಾಡಿದೆ?” ಎಂದು ಕೇಳಿರಿ. ಆ ಪ್ರಶ್ನೆಗೆ ಸುಳ್ಳು ಹೇಳುವುದು ಸ್ವಲ್ಪ ಕಷ್ಟ. ಆ ಸಾಸಿವೆಯಾದರೋ, ನನ್ನ ಪರೀಕ್ಷೆಗಳು ಮುಗಿದರೂ ಮುಗಿದಿರಲಿಲ್ಲ.