ಕಾರಿನ ಬ್ಯಾಟರಿ ಸೋತಾಗ



2020ರ ಲಾಕ್‌ಡೌನ್ ಸಡಿಲಗೊಂಡ ದಿನಗಳಲ್ಲಿ ಒಂದು ರಾತ್ರಿ ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಿತು. ವಾರಗಟ್ಟಲೆ ನಿಂತಿದ್ದ ಕಾರಿನ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಸೆಲ್ಫ್ ಎತ್ತಲಿಲ್ಲ. ಪಕ್ಕದ ಮನೆಯವರು ತಮ್ಮ ಕಾರನ್ನು ತಂದರು. ಗಾಬರಿಯಲ್ಲಿ ನಾನು ಕಪ್ಪು ತಂತಿಯ ಕೊನೆಯ ಕ್ಲಿಪ್ಪನ್ನು ನಮ್ಮ ಬ್ಯಾಟರಿಗೇ ಸಿಕ್ಕಿಸಲು ಹೋದಾಗ ಅವರ ಚಾಲಕ ನನ್ನ ಕೈ ಹಿಡಿದು, "ಅಲ್ಲಿ ಬೇಡ ಸಾರ್, ಮುಖಕ್ಕೆ ಹಾರೀತು" ಎಂದ.

ಅವನ ಮಾತು ನಿಜ. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಕೊನೆಯ ಕ್ಲಿಪ್ಪು ತಾಗುವಾಗ ಕಿಡಿ ಹಾರುವುದು ಸಹಜ. ಅನಿಲಕ್ಕೆ ಆ ಕಿಡಿ ಸೋಕಿದರೆ ಬ್ಯಾಟರಿ ಸಿಡಿದು ಗಂಧಕಾಮ್ಲ ಕಣ್ಣಿಗೆ ಎರಚಬಹುದು. ಆದ್ದರಿಂದ ಎರಡೂ 12 ವೋಲ್ಟಿನ ಬ್ಯಾಟರಿಗಳೆಂದು ಖಚಿತಪಡಿಸಿಕೊಂಡು, ಎರಡೂ ಎಂಜಿನ್ ನಿಲ್ಲಿಸಿ, ಮೊದಲು ಕೆಂಪು ತಂತಿಯನ್ನು ಸೋತ ಬ್ಯಾಟರಿಯ ಪ್ಲಸ್‌ಗೆ, ಬಳಿಕ ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಸೇರಿಸಬೇಕು. ಆಮೇಲೆ ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕಟ್ಟಕಡೆಗೆ ಸೋತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಒಳ್ಳೆಯ ಕಾರನ್ನು ಕೆಲವು ನಿಮಿಷ ಓಡಿಸಿಟ್ಟು ಸೋತದ್ದನ್ನು ಸ್ಟಾರ್ಟ್ ಮಾಡಿ; ತಂತಿಗಳನ್ನು ಹಿಮ್ಮುಖ ಕ್ರಮದಲ್ಲಿ ಬಿಚ್ಚಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಈ ಸಾಹಸವೇ ಬೇಡ, ಆಟೋ ಹಿಡಿಯಿರಿ.

ಕಾರು ಹೊರಟಿತು, ತಾಯಿಯವರಿಗೆ ವೇಳೆಗೆ ಚಿಕಿತ್ಸೆ ದೊರೆಯಿತು. ಮರುದಿನ ಅಂಗಡಿಯೊಂದರಲ್ಲಿ ಪರೀಕ್ಷೆಯನ್ನೇ ಮಾಡದೆ ಹೊಸ ಬ್ಯಾಟರಿ ಹಾಕಿಸಿ ಎಂದರು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಕಾರು ಕೆಲವು ಗಂಟೆ ನಿಂತ ಮೇಲೆ ಮೀಟರ್ ಹಿಡಿದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ ಎಂದರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ದೋಷ ಆಲ್ಟರ್ನೇಟರಿನದು, ಅಂದರೆ ನಮ್ಮ ಹಳೆಯ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಎನ್ನುವ ಭಾಗದ್ದು. ಆಗ ಹೊಸ ಬ್ಯಾಟರಿಯೂ ಬೇಗನೆ ಬರಿದಾಗುತ್ತದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಕಟ್ಟಿದ್ದರೆ ಅಡಿಗೆ ಸೋಡ ಕಲಸಿದ ನೀರಿನಿಂದ ಉಜ್ಜಿ ಬಿಗಿ ಮಾಡಿದರೂ ಎಷ್ಟೋ ಸಲ ಸಾಕಾಗುತ್ತದೆ. ಅದಕ್ಕೆ ಮುನ್ನ ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು.

ಬ್ಯಾಟರಿಯನ್ನು ಕೊಲ್ಲುವುದು ಚಳಿ ಎಂದು ಅನೇಕರ ನಂಬಿಕೆ. ಚಳಿ ಅದರ ದೌರ್ಬಲ್ಯವನ್ನು ಬಯಲು ಮಾಡುತ್ತದೆ, ಅಷ್ಟೆ, ಸವೆಸುವುದು ಬಿಸಿಲು. ರಾಯಚೂರು, ಕಲಬುರಗಿಯ ಕಡೆಯವರು ಕಾರನ್ನು ನೆರಳಲ್ಲಿ ನಿಲ್ಲಿಸುವುದು ಲೇಸು. ನೀರು ಹಾಕುವ ಮುಚ್ಚಳಗಳಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಕೊಳವೆಬಾವಿಯ ನೀರು ಖಂಡಿತ ಬೇಡ. ಕಾರು ಬಹುದಿನ ನಿಲ್ಲುವುದಾದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಬದಲಾಯಿಸಲೇಬೇಕಾದಾಗ ಹಳೆಯದನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ. ಹಳೆಯದಕ್ಕೆಂದು ಸಾಮಾನ್ಯವಾಗಿ ಬೆಲೆಯಲ್ಲಿ ಒಂದಷ್ಟು ಕಳೆಯುತ್ತಾರೆ, ಕೇಳಿ ಪಡೆಯಿರಿ.