ನಾಮಪತ್ರದ ಮೇಜು



ಚುನಾವಣೆ ಎಂದ ಕೂಡಲೇ ನಮ್ಮ ಚರ್ಚೆಗಳು ಮತಪ್ರಮಾಣ, ಜಾತಿ ಲೆಕ್ಕಾಚಾರ, ಹಣದ ಹೊಳೆ, ಪ್ರಣಾಳಿಕೆಗಳ ಕಡೆಗೆ ಓಡುತ್ತವೆ. ಈ ಸಂಕಿರಣದ ಸಂಘಟಕರು ಈ ಸಲ ಅದಕ್ಕಿಂತ ಹಿಂದಿನ ಹಂತವೊಂದನ್ನು ಆರಿಸಿಕೊಂಡಿದ್ದಾರೆ: ನಾಮಪತ್ರ ಸಲ್ಲಿಕೆ. ಚುನಾವಣಾಧಿಕಾರಿಯ ಕೋಣೆ, ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಸಮಯ, ಒಂದು ಮೇಜು. ಮತದಾರರ ಮುಂದೆ ಯಾರ ಹೆಸರು ಬರಬಹುದು, ಯಾರದು ಬರಬಾರದು ಎಂಬುದು ತೀರ್ಮಾನವಾಗುವುದು ಅಲ್ಲಿ. ಆ ಮೇಜಿಗೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ರಾಜ್ಯದ 2023ರ ವಿಧಾನಸಭಾ ಚುನಾವಣೆಯನ್ನೇ ನೋಡಿ. ಏಪ್ರಿಲ್ 13ಕ್ಕೆ ಅಧಿಸೂಚನೆ ಹೊರಟಿತು, 20 ನಾಮಪತ್ರಕ್ಕೆ ಕಡೇ ದಿನ, 21ಕ್ಕೆ ಪರಿಶೀಲನೆ, 24ಕ್ಕೆ ವಾಪಸಾತಿ ಮುಗಿಯಿತು. ಅಷ್ಟರೊಳಗೆ 2ಬಿ ನಮೂನೆ ತುಂಬಬೇಕು. 26ನೇ ನಮೂನೆಯ ಪ್ರಮಾಣಪತ್ರಕ್ಕೆ ನೋಟರಿ ಬೇಕು. ಚುನಾವಣಾ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಬೇರೆ ಕ್ಷೇತ್ರದ ಮತದಾರರಾಗಿದ್ದರೆ ಅಲ್ಲಿನ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ತರಬೇಕು. ಪರಿಶೀಲನೆಯ ದಿನಕ್ಕೆ ಮೊದಲೇ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು; ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ದೊಡ್ಡ ಪಕ್ಷದವರಿಗೆ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತಿಳಿಸುವ ಬಿ ಫಾರಂ ಸಿಗುವವರೆಗಷ್ಟೇ ಆತಂಕ. ಮಿಕ್ಕಿದ್ದನ್ನು ವಕೀಲರು, ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆ. ಒಂಟಿಯಾಗಿ ನಿಲ್ಲುವವರಿಗೆ ಇವುಗಳಲ್ಲಿ ಒಂದೊಂದೂ ಒಂದೊಂದು ಅಲೆದಾಟ. ಹತ್ತು ಸೂಚಕರಲ್ಲಿ ಒಬ್ಬರ ಭಾಗಸಂಖ್ಯೆಯೋ ಕ್ರಮಸಂಖ್ಯೆಯೋ ತಪ್ಪಿದರೂ ಎದೆ ಡವಡವ ಎನ್ನುತ್ತದೆ. ಅದೇ ಚುನಾವಣೆಯಲ್ಲಿ ಯಾದಗಿರಿಯ ಪಕ್ಷೇತರ ಅಭ್ಯರ್ಥಿಯೊಬ್ಬರು ಮತದಾರರಿಂದ ಕೂಡಿಸಿದ ಒಂದೊಂದು ರೂಪಾಯಿಯ ನಾಣ್ಯಗಳಲ್ಲೇ ಹತ್ತು ಸಾವಿರ ಠೇವಣಿ ಕಟ್ಟಿದ್ದು ನಿಮಗೆ ನೆನಪಿರಬಹುದು. ಅಧಿಕಾರಿಗಳು ಕುಳಿತು ಅಷ್ಟನ್ನೂ ಎಣಿಸಿದರು. ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ನಾಣ್ಯ ಕೊಟ್ಟವರೂ ಎಣಿಸಿದವರೂ ಇಬ್ಬರೂ ತಮ್ಮ ಕರ್ತವ್ಯ ಮಾಡಿದರು.

ಹತ್ತು ಸೂಚಕರ ನಿಯಮ ಹುಟ್ಟಿದ ಕಾಲಕ್ಕೂ ನಮ್ಮ ಬೆಳಗಾವಿಗೂ ನಂಟಿದೆ. ಅಲ್ಲಿ 1985ರ ವಿಧಾನಸಭಾ ಚುನಾವಣೆಯಲ್ಲಿ 301 ಮಂದಿ, 1996ರ ಲೋಕಸಭಾ ಚುನಾವಣೆಯಲ್ಲಿ 456 ಮಂದಿ ಕಣದಲ್ಲಿದ್ದರು. ಗಡಿ ವಿವಾದದ ಪ್ರತಿಭಟನೆ ನಾಮಪತ್ರಗಳ ರೂಪ ತಾಳಿತ್ತು. ಅದೇ 1996ರಲ್ಲಿ ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಅಭ್ಯರ್ಥಿಗಳಿದ್ದರು. ಮತಪತ್ರ ಪುಸ್ತಕದ ಗಾತ್ರಕ್ಕೆ ಬೆಳೆದರೆ ಆಡಳಿತಕ್ಕೆ ಕಷ್ಟ, ಮತದಾರರಿಗೂ ಕಷ್ಟ, ಒಪ್ಪೋಣ. ಸಂಸತ್ತು ಅದೇ ವರ್ಷ ವಿಧಾನಸಭೆಯ ಠೇವಣಿಯನ್ನು 250ರಿಂದ 5,000ಕ್ಕೆ ಏರಿಸಿತು, ಪಕ್ಷೇತರರಿಗೆ ಹತ್ತು ಸೂಚಕರನ್ನು ಕಡ್ಡಾಯ ಮಾಡಿತು. 2009ರ ತಿದ್ದುಪಡಿಯಲ್ಲಿ ಮೊತ್ತ ಮತ್ತೆ ಇಮ್ಮಡಿಯಾಯಿತು. ಆದರೆ 2019ರ ಲೋಕಸಭಾ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದ್‌ನ ಅರಿಶಿನ ಬೆಳೆಗಾರರು 25,000 ರೂಪಾಯಿ ಠೇವಣಿಗೂ ಅಂಜಲಿಲ್ಲ. ಕಣದಲ್ಲಿ 185 ಮಂದಿ ಉಳಿದರು, ಬಹುತೇಕರು ರೈತರು. ಸಂಘಟಿತ ಪ್ರತಿಭಟನೆಯನ್ನು ಠೇವಣಿ ತಡೆಯುವುದಿಲ್ಲ. ಅದು ತಡೆಯುವುದು ಹಿಂದೆ ಸಂಘವಿಲ್ಲದ, ಕೈಯಲ್ಲಿ ಹಣವಿಲ್ಲದ ಒಬ್ಬ ಗಂಭೀರ ಅಭ್ಯರ್ಥಿಯನ್ನು. ಈ ನಿಯಮವನ್ನು ಮರುಪರಿಶೀಲಿಸಬೇಕಾದ ಕಾಲ ಬಂದಿದೆ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಹಾಗೆಂದು ಕಾಗದಗಳೆಲ್ಲ ಹೊರೆ ಎಂದು ನಾನು ವಾದಿಸುತ್ತಿಲ್ಲ. ಅಭ್ಯರ್ಥಿಯ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ತಿಳಿಯುವ ಹಕ್ಕು ಮತದಾರರಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಸರ್ಕಾರ ಅದನ್ನು ಕಾಯ್ದೆಯ ಮೂಲಕ ಮೊಟಕುಗೊಳಿಸಲು ಹೋದಾಗ 2003ರಲ್ಲಿ ಮತ್ತೆ ಎತ್ತಿಹಿಡಿಯಿತು. ಖಾಲಿ ಬಿಟ್ಟ ಅಂಕಣ ಸಲ್ಲದು ಎಂಬುದು 2013ರ ತೀರ್ಪು. ಆದಾಯದ ಮೂಲವನ್ನೂ ತಿಳಿಸಬೇಕೆಂದದ್ದು 2018ರದು. ಈ ದೇಶದ ನಾಗರಿಕರು ಹೋರಾಡಿ ಪಡೆದ ಕಾಗದಗಳಿವು. ಒಂದು ಪುಟವನ್ನೂ ಬಿಟ್ಟುಕೊಡಬಾರದು. ಮತದಾರರಿಗೆ ವಿಷಯ ತಿಳಿಸುವ ಕಾಗದ ಒಂದು ಬಗೆ, ಅಭ್ಯರ್ಥಿಯನ್ನು ಹೊಸ್ತಿಲಲ್ಲೇ ತಡೆಯುವ ಕಾಗದ ಇನ್ನೊಂದು. ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ನೋಡುವ ಅಭ್ಯಾಸವನ್ನು ನಾವು ಬಿಡಬೇಕಾಗಿದೆ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯನ್ನು ನಿಧಾನವಾಗಿ ಓದಿದರೆ ಅದು ಯಾರ ಕಡೆ ವಾಲುತ್ತದೆ ಎಂಬುದು ಕಾಣುತ್ತದೆ. ಹೆಸರಿನಲ್ಲೋ ಮತದಾರರ ಸಂಖ್ಯೆಯಲ್ಲೋ ಸಣ್ಣ ತಪ್ಪಿದ್ದರೆ ತಿದ್ದಲು ಬಿಡಬೇಕು ಎನ್ನುತ್ತದೆ 33ನೇ ಕಲಂ. ಗಂಭೀರವಲ್ಲದ ದೋಷಕ್ಕಾಗಿ ನಾಮಪತ್ರ ತಿರಸ್ಕರಿಸಕೂಡದು ಎನ್ನುತ್ತದೆ 36ನೇ ಕಲಂ. ಇನ್ನು 100ನೇ ಕಲಂ: ಒಂದೇ ಒಂದು ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದು ಸಾಬೀತಾದರೂ ಸಾಕು, ಗೆದ್ದವರ ಆಯ್ಕೆಯೇ ಅಸಿಂಧು. ತಪ್ಪಾಗಿ ಸ್ವೀಕರಿಸಿದ್ದರೆ ಮಾತ್ರ, ಅದರಿಂದ ಫಲಿತಾಂಶಕ್ಕೆ ಧಕ್ಕೆಯಾಯಿತೆಂದು ತೋರಿಸಬೇಕು. ಬಾಗಿಲು ಮುಚ್ಚುವ ತಪ್ಪು ತೆರೆಯುವ ತಪ್ಪಿಗಿಂತ ದೊಡ್ಡದು ಎಂದು ಶಾಸನವೇ ತೂಗಿದೆ.

ಆದರೆ ಆ ತೂಕ ಫಲ ಕೊಡುವುದು ಚುನಾವಣೆ ಮುಗಿದ ಮೇಲೆ. ಮೊದಲ ಮಹಾಚುನಾವಣೆಯ ಹೊತ್ತಿನಲ್ಲೇ ಮದ್ರಾಸ್ ರಾಜ್ಯದ ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಎಂಬ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಚುನಾವಣಾ ಪ್ರಕ್ರಿಯೆ ಶುರುವಾದ ಮೇಲೆ ನಡುವೆ ನ್ಯಾಯಾಲಯ ಕೈಹಾಕುವಂತಿಲ್ಲ, ಮುಗಿದ ಮೇಲೆ ಚುನಾವಣಾ ತಕರಾರು ಅರ್ಜಿಯೊಂದೇ ದಾರಿ. ಚುನಾವಣೆ ನಿಲ್ಲದೆ ನಡೆಯಲು ಇದು ಬೇಕು, ಸರಿ. ಆದರೆ ಇದರ ಪರಿಣಾಮ ನೋಡಿ: ತಿರಸ್ಕೃತರಾದ ಸಾಮಾನ್ಯ ನಾಗರಿಕರ ಪಾಲಿಗೆ ಚುನಾವಣಾಧಿಕಾರಿಯ ಮಾತೇ ಆ ಚುನಾವಣೆಯ ಮಟ್ಟಿಗೆ ಕೊನೆಯ ಮಾತು. ಹಾಗಾಗಿ ಆ ಅಧಿಕಾರಿಯ ತರಬೇತಿ, ತಾಳ್ಮೆ, ‘ಇದನ್ನು ಇಲ್ಲೇ ತಿದ್ದಿ ಕೊಡಿ’ ಎಂದು ಹೇಳುವ ಮನಸ್ಸು ಇವು ಬರೀ ಸೌಜನ್ಯದ ವಿಷಯಗಳಲ್ಲ.

ಗ್ರಾಮ ಪಂಚಾಯಿತಿಗೆ ಬಂದರೆ ಈ ಮಾತಿಗೆ ಇನ್ನೂ ತೂಕ ಬರುತ್ತದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದ್ದರಿಂದ ಅರ್ಜಿ ತುಂಬಿಕೊಡಲು ಪಕ್ಷದ ಕಚೇರಿಯೂ ಅಧಿಕೃತವಾಗಿ ಇಲ್ಲ. ಕರ್ನಾಟಕ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟ ರಾಜ್ಯ; ಈಗ ಅದು ಅರ್ಧ. ಮೊದಲ ಸಲ ನಿಲ್ಲುವ ಕೂಲಿ ಹೆಣ್ಣುಮಗಳು ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯುವ ದಿನ ಅವಳ ಕೂಲಿಯೂ ಹೋಗುತ್ತದೆ. ಇನ್ನು ಅವಳು ನಾಮಪತ್ರ ಸಲ್ಲಿಸಿದ ಮೇಲೆ ಶುರುವಾಗುವ ಒತ್ತಡವೇ ಬೇರೆ. ‘ಅವಿರೋಧ ಆಯ್ಕೆ’ಯ ಹೆಸರಿನಲ್ಲಿ 2020ರಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳು ಹರಾಜಾದ ವರದಿಗಳು ಬಂದವು. ಊರೊಟ್ಟಿನ ಸೌಹಾರ್ದ ಎಂದು ಅದನ್ನು ಮೆಚ್ಚುವವರಿದ್ದಾರೆ. ನನಗೆ ಅದು ಮತದಾರರ ಹಕ್ಕನ್ನು ಗುಡಿಕಟ್ಟೆಯ ಮೇಲೆ ಮಾರಿದಂತೆ ಕಾಣುತ್ತದೆ. ದೊಡ್ಡ ಚುನಾವಣೆಯೂ ಇದರಿಂದ ಹೊರಗಿಲ್ಲ: 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಸೂಚಕರು ಸಹಿ ತಮ್ಮದಲ್ಲ ಎಂದರು, ಪ್ರಮುಖ ವಿರೋಧಿ ಅಭ್ಯರ್ಥಿಯ ನಾಮಪತ್ರ ಬಿತ್ತು, ಉಳಿದವರು ಹಿಂತೆಗೆದುಕೊಂಡರು, ಒಂದು ಮತವೂ ಚಲಾವಣೆಯಾಗದೆ ಫಲಿತಾಂಶ ಬಂತು.

ಈ ಸಂಕಿರಣದಿಂದ ನಾನು ಬಯಸುವುದು ಒಂದು ಕೆಲಸ. ತಿರಸ್ಕರಿಸಿದ ಪ್ರತಿ ನಾಮಪತ್ರಕ್ಕೂ ಚುನಾವಣಾಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದು 36ನೇ ಕಲಂ ಹೇಳುತ್ತದೆ. ನಾವು ಗೆದ್ದವರನ್ನೂ ಸೋತವರನ್ನೂ ಅಧ್ಯಯನ ಮಾಡಿದ್ದೇವೆ. ಕಣಕ್ಕಿಳಿಯುವ ಮುನ್ನವೇ ಹೊರಬಿದ್ದವರ ಕುರಿತ ಆ ಪುಟಗಳನ್ನು ಓದೋಣ. ಇಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳು ತಂತಮ್ಮ ಕ್ಷೇತ್ರದ, ಸಾಧ್ಯವಾದರೆ ತಂತಮ್ಮ ಪಂಚಾಯಿತಿಯ ತಿರಸ್ಕಾರದ ಆದೇಶಗಳನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಲಿ. ಆ ಕಾರಣಗಳಲ್ಲಿ ಯಾವುವು ನಿಜಕ್ಕೂ ಗಂಭೀರ, ಯಾವುಗಳನ್ನು ಅಂದೇ ಆ ಮೇಜಿನ ಮುಂದೆ ಪೆನ್ನು ಕೊಟ್ಟು ತಿದ್ದಿಸಬಹುದಿತ್ತು ಎಂದು ವಿಂಗಡಿಸಲಿ. ವಾಪಸು ಪಡೆದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅವರ ಮನೆಯಲ್ಲೇ ಕಂಡು ಮಾತಾಡಿಸಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇದಕ್ಕೊಂದು ಪ್ರಶ್ನಾವಳಿ ಸಿದ್ಧವಾಗುವುದಾದರೆ ಅದರ ಕರಡು ಬರೆಯಲು ನಾನೂ ನಿಮ್ಮ ಜೊತೆ ಕೂರುತ್ತೇನೆ.