ಸಂಪರ್ಕ ವಹಿ ಮತ್ತು ವೈರಾಣುವಿನ ವಂಶಾವಳಿ

(ತುಳಸಿಗೇರಿ ಗ್ರಾಮ ಪಂಚಾಯತಿ ಕಾರ್ಯಪಡೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2020ರ ಮೇ ಮೊದಲ ವಾರದಲ್ಲಿ ಬಾದಾಮಿ ತಾಲ್ಲೂಕಿನ ಢಾಣಕಶಿರೂರ ಗ್ರಾಮದಲ್ಲಿ ಒಂದೇ ದಿನ 13 ಜನರಿಗೆ ಕೊರೊನಾ ಸೋಂಕು ದೃಢಪಟ್ಟಿತು. ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ‘ಪಿ’ ಎಂಬ ಅಕ್ಷರ, ಒಂದು ಸಂಖ್ಯೆ, ವಯಸ್ಸು, ಜಿಲ್ಲೆ, ಇಂಥ ಸಂಖ್ಯೆಯ ರೋಗಿಯ ಸಂಪರ್ಕ ಎಂಬ ಸಾಲು, ಅಷ್ಟೇ. ಆ ಒಂದು ಸಾಲಿಗಾಗಿ ಸಿಬ್ಬಂದಿಯು ಮನೆಮನೆಗೆ ಹೋಗಿ ಜ್ವರ ಯಾವ ದಿನ ಬಂದಿತು, ಯಾರೊಡನೆ ಉಂಡರು, ಯಾವ ಊರಿನಿಂದ ಬಂದರು ಎಂದು ವಿಚಾರಿಸಬೇಕಾಗಿತ್ತು. ಆದರೆ ಮನುಷ್ಯನ ನೆನಪು ತಪ್ಪುತ್ತದೆ. ಅಂಜಿಕೆಯು ಬಾಯಿ ಕಟ್ಟುತ್ತದೆ.

ಎರಡನೆಯ ಸಾಕ್ಷಿ ವೈರಾಣುವೇ. ಅದರ ಆನುವಂಶಿಕ ಬರಹವು ಸುಮಾರು 30,000 ಅಕ್ಷರಗಳದು. ದೇಹದಿಂದ ದೇಹಕ್ಕೆ ಸಾಗುತ್ತ ನಕಲಾಗುವಾಗ ತಿಂಗಳಿಗೆ ಸರಾಸರಿ ಎರಡು ಅಕ್ಷರಗಳು ಬದಲಾಗುತ್ತವೆ. ಕೈಬರಹದ ಪಹಣಿಯನ್ನು ನಕಲು ಮಾಡುವಾಗ ಒಂದು ಸರ್ವೆ ಸಂಖ್ಯೆ ತಪ್ಪಿದರೆ ಮುಂದಿನ ಪ್ರತಿಗಳೆಲ್ಲ ಅದೇ ತಪ್ಪನ್ನು ಹೊತ್ತು ಬರುತ್ತವೆ. ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬುದು ಆ ತಪ್ಪಿನಿಂದಲೇ ತಿಳಿಯುತ್ತದೆ. ಜೀನೋಮ್ ಸೀಕ್ವೆನ್ಸಿಂಗ್ ಓದುವುದೂ ಇಂತಹ ತಪ್ಪುಗಳನ್ನೇ.

ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು ಎರಡೂ ಸಾಕ್ಷಿಗಳನ್ನು ಒಟ್ಟಿಗೆ ಪರಿಶೀಲಿಸಿದರು. 2020ರ ಮಾರ್ಚ್ 8ರಂದು ವರದಿಯಾದ ರಾಜ್ಯದ ಮೊದಲ ಪ್ರಕರಣದಿಂದ ಮೇ 21ರವರೆಗಿನ 1,578 ಪ್ರಕರಣಗಳ ಅವಧಿಯಲ್ಲಿ ಅವರಿಗೆ 91 ಜೀನೋಮ್‌ಗಳು ದೊರೆತವು. ಅವು ಏಳು ವಂಶಗಳಿಗೆ ಸೇರಿದ್ದವು. ಅಂದರೆ ರೋಗವು ರಾಜ್ಯದೊಳಗೆ ಒಂದೇ ಬಾಗಿಲಿನಿಂದ ಬಂದದ್ದಲ್ಲ. ಸಂಪರ್ಕದಿಂದ ಗುರುತಿಸಿದ 17 ಗುಂಪುಗಳ ಪೈಕಿ 14ರಲ್ಲಿ ಒಂದೇ ವಂಶವಿತ್ತು. ಕ್ಷೇತ್ರ ಸಿಬ್ಬಂದಿಯ ವಹಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ. ಉಳಿದ ಮೂರರಲ್ಲಿ ವಹಿಯು ಒಂದು ಸರಪಳಿ ಎಂದದ್ದನ್ನು ವೈರಾಣುವು ಒಪ್ಪಲಿಲ್ಲ. ಯಾರ ಸಂಪರ್ಕವೂ ತಿಳಿಯದ 24 ಜನರಲ್ಲಿ 11 ಮಂದಿಗೆ ಬಿ.6 ಎಂಬ ಒಂದೇ ವಂಶದ ವೈರಾಣು ತಗುಲಿತ್ತು. ಯಾರ ಕಣ್ಣಿಗೂ ಬೀಳದೆ ಅದು ಹರಡುತ್ತಿತ್ತು.

ಜೀನೋಮ್ ಇದ್ದ ಮೇಲೆ ವಹಿ ಏಕೆ ಎಂಬ ಮಾತು ಸರಿಯಲ್ಲ. ಇಬ್ಬರಲ್ಲಿ ಒಂದೇ ಜೀನೋಮ್ ಕಂಡಾಗ ಯಾರಿಂದ ಯಾರಿಗೆ ಬಂದಿತೆಂಬುದನ್ನು ಅದು ಹೇಳಲಾರದು. ಜ್ವರ ಬಂದ ದಿನಾಂಕವೇ ಸುಳಿವು ಕೊಡಬೇಕು.

ಆಂಜನೇಯನ ಕಾರ್ತಿಕೋತ್ಸವಕ್ಕೆ ಭಕ್ತರು ಎಷ್ಟೋ ಊರುಗಳಿಂದ ತುಳಸಿಗೇರಿಗೆ ನಡೆದು ಬರುತ್ತಾರೆ. ಗೋವಾ, ಮಂಗಳೂರಿಗೆ ಗುಳೆ ಹೋದವರು ಜಿಲ್ಲೆಗೆ ಮರಳುತ್ತಾರೆ. ಅನಂತರ ಐದು ಮನೆಗಳಲ್ಲಿ ಜ್ವರ ಕಂಡರೆ ಮೂಲ ಒಂದೋ ಐದೋ? ಒಂದೇ ಆದರೆ ಅವರೆಲ್ಲ ಕೂಡಿದ ಸ್ಥಳವನ್ನು ಹುಡುಕಬೇಕು. ಐದಾದರೆ ಪ್ರತಿ ಮನೆಯ ಪ್ರಯಾಣವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ನಿಜ ಹೇಳಿದ ಮನೆಯನ್ನು ಊರು ದೂರಿದರೆ ಮರುದಿನದಿಂದ ವಹಿಯ ಆ ಕಲಂ ಖಾಲಿ ಉಳಿಯುತ್ತದೆ.

ಇನ್ನೊಂದು ಚಿಕ್ಕ ಸಂಗತಿ. ಮಾದರಿಯ ನಳಿಕೆಯ ಮೇಲಿನ ಸಂಖ್ಯೆ ಮತ್ತು ವಹಿಯಲ್ಲಿನ ಸಂಖ್ಯೆ ಒಂದೇ ಆಗಿರಬೇಕು. ಅವು ಬೇರೆಯಾದರೆ ಪ್ರಯೋಗಾಲಯವು 30,000 ಅಕ್ಷರಗಳನ್ನೂ ಸರಿಯಾಗಿ ಓದಿ ಬೇರೊಂದು ಊರಿನ ಹೆಸರಿಗೆ ಬರೆಯುತ್ತದೆ.